ಮುಂದಿನವರ ಹಿಮ್ಮಡಿ

ಮುಂಬಯಿಯಲ್ಲಿ ಎತ್ತರಕ್ಕೆ ಬೆಲೆಯಿದೆ, ಬೆಟ್ಟಕ್ಕಿಲ್ಲ. ಮಹಡಿ ಏರಿದಂತೆ ಚದರಡಿಯ ದರವೂ ಏರುತ್ತದೆ. ಬಿಲ್ಡರುಗಳು ಇದಕ್ಕೆ ‘ಫ್ಲೋರ್ ರೈಸ್’ ಎಂದು ಬೇರೆಯದೇ ಲೆಕ್ಕ ಹಾಕುತ್ತಾರೆ. ಲೋವರ್ ಪರೇಲಿನಲ್ಲಿ ಒಂದು ಕಾಲದಲ್ಲಿ ಬಟ್ಟೆಗಿರಣಿಯಿದ್ದ ಜಾಗದಲ್ಲಿ ಈಗ ನಿಂತಿರುವ ವರ್ಲ್ಡ್ ವನ್ ಕಟ್ಟಡ 280 ಮೀಟರ್ ಎತ್ತರ. ಅದರ ನೆತ್ತಿಯ ಮನೆಗೆ ಎಷ್ಟು ಕೋಟಿ ಎಂದು ಕೇಳಲು ನಮ್ಮಂಥವರಿಗೆ ಬಾಯಿ ಬರುವುದಿಲ್ಲ. ಇತ್ತ ಪನ್ವೇಲಿನ ಆಚೆ ಕಲಾವಂತೀಣ ಎಂಬ ಕಲ್ಲಿನ ಶಿಖರವಿದೆ. ಸಮುದ್ರಮಟ್ಟದಿಂದ ಸುಮಾರು 685 ಮೀಟರ್. ಎರಡು ವರ್ಲ್ಡ್ ವನ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಅದು ಇನ್ನೂ ಮೇಲೆಯೇ ಉಳಿಯುತ್ತದೆ. ಅಲ್ಲಿ ಕೂರಲು ಪಗಡಿ ಬೇಡ, ಡಿಪಾಸಿಟ್ಟು ಬೇಡ, ಸೊಸೈಟಿಯವರ ಎನ್‌ಒಸಿ ಬೇಡ. ಬೇಕಾದದ್ದು ಮೊಣಕಾಲು. ನಮ್ಮ ಗುಂಪಿನಲ್ಲಿ ಅದೊಂದೇ ಯಾರ ಹತ್ತಿರವೂ ಸರಿಯಾಗಿಲ್ಲ.

ಗುಂಪು ಎಂದರೆ ನಾಲ್ವರು. ನಾವು ಗೆಳೆಯರಾದದ್ದು ಸೆಂಟ್ರಲ್ ಲೈನಿನ ಬೆಳಗಿನ ಫಾಸ್ಟ್ ಲೋಕಲಿನಲ್ಲಿ. ಲೋಕಲಿನ ಗೆಳೆತನದಲ್ಲಿ ಹೆಸರಿಗೆ ಮಹತ್ವ ಕಡಿಮೆ. ಯಾರು ಎಲ್ಲಿ ಹತ್ತುತ್ತಾರೋ ಅದೇ ಅವರ ಹೆಸರು. ಆದ್ದರಿಂದ ನಮ್ಮಲ್ಲಿ ಒಬ್ಬರು ಡೊಂಬಿವಲಿ, ಒಬ್ಬರು ಮುಲುಂಡ್, ಒಬ್ಬರು ಘಾಟ್ಕೋಪರ್. ನಾನು ಠಾಣೆ. ಡೊಂಬಿವಲಿಯವರು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ನಿವೃತ್ತರಾದ ಮೇಲೂ ಮಾಟುಂಗಾದಿಂದ ಕಾಫಿಪುಡಿ ತರುವ ನೆಪದಲ್ಲಿ ಅದೇ ಗಾಡಿ ಹತ್ತುತ್ತಾರೆ. ಮುಲುಂಡ್ ಬ್ಯಾಂಕಿನ ಅಧಿಕಾರಿ, ವಿಜಯಪುರದ ಕಡೆಯವರು. ಘಾಟ್ಕೋಪರ್ ಕುಂದಾಪುರದವರು, ಕೋಟೆ ಪ್ರದೇಶದಲ್ಲಿ ಹೋಟೆಲು ನಡೆಸುತ್ತಾರೆ. ಇಷ್ಟು ವರ್ಷ ಭುಜಕ್ಕೆ ಭುಜ ಉಜ್ಜಿಕೊಂಡು ನಿಂತರೂ ನಾವು ಒಬ್ಬರನ್ನೊಬ್ಬರು ಪೂರ್ತಿ ನೋಡಿರಲಿಲ್ಲ. ಆ ಹೊತ್ತಿನ ಡಬ್ಬಿಯಲ್ಲಿ ಮನುಷ್ಯ ಎದೆಯಿಂದ ಮೇಲಷ್ಟೇ ಕಾಣುತ್ತಾನೆ. ಗೆಳೆಯನಿಗೆ ಕಾಲುಗಳಿವೆ ಎಂಬುದು ಅವು ನಮ್ಮ ಕಾಲಿನ ಮೇಲೆ ಬಿದ್ದಾಗ ಮಾತ್ರ ತಿಳಿಯುತ್ತದೆ.

ಮುಂಬಯಿ ಕನ್ನಡಿಗನ ಭಾನುವಾರ ಸಾಮಾನ್ಯವಾಗಿ ಸಭಾಂಗಣದ ಪಾಲು. ಪುಸ್ತಕ ಬಿಡುಗಡೆ, ತಾಳಮದ್ದಲೆ, ಸಂಘದ ವಾರ್ಷಿಕೋತ್ಸವ, ಊರಿನ ದೇವಸ್ಥಾನದ ಜೀರ್ಣೋದ್ಧಾರದ ಸಭೆ, ಹೀಗೆ ಒಂದಲ್ಲ ಒಂದು. ಅಂಥದೊಂದು ಸಭೆಯಲ್ಲಿ ಅಧ್ಯಕ್ಷರ ಭಾಷಣ ಉದ್ದವಾಗುತ್ತ ಹೋದಾಗ ಮೇಷ್ಟ್ರು ನನ್ನ ಕಿವಿಯಲ್ಲಿ, “ಇಷ್ಟು ಹೊತ್ತಿಗೆ ಒಂದು ಬೆಟ್ಟ ಹತ್ತಿ ಇಳಿದಿರಬಹುದಿತ್ತು” ಎಂದರು. ಹಿಂದಿನ ಸಾಲಿನಲ್ಲಿದ್ದ ಮುಲುಂಡ್ ಇದನ್ನು ಕೇಳಿಸಿಕೊಂಡು, “ಯಾವಾಗ ಹೋಗೂಣ್ರೀ ಮಾಸ್ತರ?” ಎಂದುಬಿಟ್ಟರು. ಮೇಷ್ಟ್ರು ಹೇಳಿದ್ದು ತಮಾಷೆಗೆ, ಮುಲುಂಡ್ ತೆಗೆದುಕೊಂಡದ್ದು ನಿಜವೆಂದು. ಮುಂಬಯಿಯಲ್ಲಿ ಬಹುತೇಕ ಯೋಜನೆಗಳು ಹೀಗೆಯೇ ಹುಟ್ಟುತ್ತವೆ.

ಲೋಕಲಿನಲ್ಲಿ ಮತ್ತೆ ಬೆಟ್ಟದ ಮಾತೆತ್ತಿದ ಕೂಡಲೇ ಒಂದು ವಿಚಿತ್ರ ಹೊರಬಿತ್ತು. ಊರು ಬಿಟ್ಟು ಮುಂಬಯಿಗೆ ಬಂದವರು ಉಪ್ಪಿನಕಾಯಿ, ಯಕ್ಷಗಾನ, ದೈವಗಳನ್ನು ಜತೆಗೆ ತಂದಿರುತ್ತಾರೆಂದು ಎಲ್ಲರಿಗೂ ಗೊತ್ತು. ನಾವು ನಾಲ್ವರೂ ಒಂದೊಂದು ಬಗೆಯ ಕಲ್ಲನ್ನೂ ತಂದಿದ್ದೆವು! ಮೇಷ್ಟ್ರು ಮಧುಗಿರಿಯವರು. ಒಂದೇ ಬಂಡೆಯ ಆ ಬೆಟ್ಟವನ್ನು ನೋಡುತ್ತ ಬೆಳೆದವರಿಗೆ ಗ್ರಾನೈಟ್ ಅಲ್ಲದ್ದು ಕಲ್ಲೇ ಅಲ್ಲ. ಗ್ರಾನೈಟು ದುಂಡಗೆ ಉಬ್ಬಿ ನಿಲ್ಲುತ್ತದೆ. ಹಿಡಿಯಲು ಏನೂ ಸಿಗುವುದಿಲ್ಲ. ಅಂಗಾಲನ್ನು ಪೂರ್ತಿ ಒತ್ತಿ, ಒರಟುತನವನ್ನೇ ನಂಬಿ ನಡೆದು ಹತ್ತಬೇಕು. ಘಾಟ್ಕೋಪರಿನವರದ್ದು ಮುರಕಲ್ಲು. ಕರಾವಳಿಯಲ್ಲಿ ಅದನ್ನು ನೆಲದಿಂದಲೇ ಇಟ್ಟಿಗೆಯಾಗಿ ಕಡಿದು ತೆಗೆಯುತ್ತಾರೆ. ಗಾಳಿಗೆ ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಮೈಯೆಲ್ಲ ತೂತು, ಬೆರಳಿಗೆ ಒಳ್ಳೆಯ ಹಿಡಿತ. ನಾನು ಕುಮಟೆಯ ಕಡೆಯವನಾದ್ದರಿಂದ ಯಾಣದ ಪರವಾಗಿ ಮಾತಾಡಿದೆ. ಅಲ್ಲಿನ ಭೈರವೇಶ್ವರ ಶಿಖರ ಕಪ್ಪಗಿದ್ದರೂ ಸುಣ್ಣದ ಕಲ್ಲು, 120 ಮೀಟರ್ ಎತ್ತರ. “ನೀವು ಅದನ್ನ ಹತ್ತಿದ್ರಾ?” ಎಂದು ಮೇಷ್ಟ್ರು ಕೇಳಿದರು. ಅದನ್ನು ಹತ್ತುವುದಿಲ್ಲ, ಪ್ರದಕ್ಷಿಣೆ ಬರುತ್ತೇವೆ ಎಂದೆ. ಅಲ್ಲಿಗೆ ನನ್ನ ಕಲ್ಲು ಸ್ಪರ್ಧೆಯಿಂದ ಹೊರಬಿತ್ತು.

ಗೆದ್ದವರು ಮುಲುಂಡ್. ಸಹ್ಯಾದ್ರಿಯ ಈ ಭಾಗವೆಲ್ಲ ಕರಿಕಲ್ಲು, ಅಂದರೆ ಬಸಾಲ್ಟು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಲಾವಾ ಹರಿದು, ಒಂದು ಪದರ ಆರಿದ ಮೇಲೆ ಇನ್ನೊಂದು ಪದರ ಬಂದು ಕೂತು ಆದದ್ದು. ಆ ಪದರಗಳು ವಿಜಯಪುರದವರೆಗೂ ಹಬ್ಬಿವೆ. “ಇದು ನಮ್ಮ ಊರ ಕಲ್ಲರೀ. ಗೋಲಗುಮ್ಮಟಾನೂ ಇದರಾಗ ಕಟ್ಯಾರ” ಎಂದು ಅವರು ಸಹ್ಯಾದ್ರಿಯನ್ನು ಪಿತ್ರಾರ್ಜಿತಕ್ಕೆ ಸೇರಿಸಿಕೊಂಡರು. ಮೇಷ್ಟ್ರು ಬಿಡಲಿಲ್ಲ. ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ. ಅದರ ಮುಂದೆ ನಿಮ್ಮ ಕರಿಕಲ್ಲು ಇನ್ನೂ ತೊಟ್ಟಿಲಲ್ಲಿದೆ ಎಂದರು. ಅಂಧೇರಿಯಿಂದ ಬೋರಿವಲಿವರೆಗೆ ವನ್ ಬಿಎಚ್‌ಕೆ ಕೊಳ್ಳಲಾಗದ ನಾಲ್ವರು ಕೋಟಿ ಕೋಟಿಗಳಲ್ಲಿ ವ್ಯವಹರಿಸುತ್ತಿರುವುದನ್ನು ಕಂಡು ಪಕ್ಕದ ಗುಜರಾತಿ ಪ್ರಯಾಣಿಕರು ಪತ್ರಿಕೆ ಮಡಿಸಿ ಗಮನವಿಟ್ಟು ಕೇಳತೊಡಗಿದರು.

ದೊಡ್ಡ ಬೆಟ್ಟಕ್ಕೆ ಹೋಗುವ ಮೊದಲು ಊರೊಳಗಿನ ಕಲ್ಲಿನಲ್ಲಿ ಕಾಲು ಪಳಗಿಸಬೇಕೆಂದು ಮೇಷ್ಟ್ರ ಆಜ್ಞೆಯಾಯಿತು. ಅಂಧೇರಿ ಪಶ್ಚಿಮದಲ್ಲಿ ಗಿಲ್ಬರ್ಟ್ ಹಿಲ್ ಇದೆ. ಸುತ್ತ ಚಾಳು, ಝೋಪಡಿ, ಟವರುಗಳು. ಮಧ್ಯೆ 61 ಮೀಟರಿನ ಕರಿಕಲ್ಲಿನ ಕಂಬ. ಲಾವಾ ಆರುವಾಗ ಸಂಕುಚಿತಗೊಂಡು ಉದ್ದುದ್ದ ಪಟ್ಟಕಗಳಾಗಿ ಸೀಳಿದ ಬಂಡೆ ಅದು. ಪ್ರಪಂಚದಲ್ಲಿ ಇಂಥವು ಅಪರೂಪ. ನೆತ್ತಿಯಲ್ಲಿ ಗಾವದೇವಿಯ ಗುಡಿಯಿದೆ, ಹೋಗಲು ಮೆಟ್ಟಿಲುಗಳಿವೆ. ಸುತ್ತಲಿನ ಕಲ್ಲನ್ನೆಲ್ಲ ಒಡೆದೊಯ್ದ ಊರು ಇದೊಂದನ್ನು ಉಳಿಸಿದ್ದು ದೇವಿಯ ದಯೆಯೇ ಇರಬೇಕು. ಚಾಂದಿವಲಿ, ಕಾಂದಿವಲಿಗಳ ಗುಡ್ಡಗಳಿಗೆ ಅಂಥ ದೇವಿ ಸಿಗಲಿಲ್ಲ. ಅವು ಕ್ವಾರಿಗಳಾಗಿ, ಜಲ್ಲಿಯಾಗಿ, ಕಾಂಕ್ರೀಟಾಗಿ ಈಗ ಮಹಡಿಗಳ ರೂಪದಲ್ಲಿ ಮತ್ತೆ ಎದ್ದು ನಿಂತಿವೆ. ಹಾಗೆ ನೋಡಿದರೆ ಮುಂಬಯಿಯವನು ದಿನವೂ ಲಿಫ್ಟಿನಲ್ಲಿ ಬೆಟ್ಟ ಹತ್ತುತ್ತಾನೆ.

ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿಗೂ ಹೋದೆವು. ನೂರಕ್ಕೂ ಹೆಚ್ಚು ಗುಹೆಗಳನ್ನು ಬೌದ್ಧ ಭಿಕ್ಷುಗಳಿಗಾಗಿ ಕರಿಕಲ್ಲಿನಲ್ಲಿ ಕೊರೆದಿದ್ದಾರೆ. ಒಂದು ಗುಹೆಯಿಂದ ಇನ್ನೊಂದಕ್ಕೆ ಹೋಗಲು ಬಂಡೆಯ ಮೈಯಲ್ಲೇ ಮೆಟ್ಟಿಲುಗಳು, ಮಗ್ಗುಲಲ್ಲಿ ಮಳೆನೀರಿನ ತೊಟ್ಟಿಗಳು. ಎರಡು ಸಾವಿರ ವರ್ಷಗಳ ಹಿಂದಿನ ಆ ಮೆಟ್ಟಿಲುಗಳು ನಮ್ಮ ಸ್ಟೇಷನ್ನುಗಳ ಮೇಲ್ಸೇತುವೆಗಳಿಗಿಂತ ಕಾಲಿಗೆ ಹಿತವಾಗಿವೆ. ಅಲ್ಲಿನ 9ನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಕವಿರಾಜಮಾರ್ಗದ ಕಾಲದ ದೊರೆ ಅವನು. ಕೊಂಕಣವನ್ನು ಅವನ ಸಾಮಂತರಾದ ಶಿಲಾಹಾರರು ಆಳುತ್ತಿದ್ದರು. ಇದನ್ನು ತಿಳಿಸಿದ ಮೇಲೆ ಮೇಷ್ಟ್ರ ನಡಿಗೆಯೇ ಬದಲಾಯಿತು. ಟಿಕೆಟು ಕೊಂಡು ಒಳಗೆ ಬಂದವರು, ಹೊರಗೆ ಹೋಗುವಾಗ ಯಜಮಾನರ ಗತ್ತಿನಲ್ಲಿದ್ದರು.

ಕೊನೆಗೆ ಕಲಾವಂತೀಣಕ್ಕೆ ಜನವರಿಯ ಒಂದು ಭಾನುವಾರ ಗೊತ್ತಾಯಿತು. ಮುಂಬಯಿಯಲ್ಲಿ ಜನವರಿ ಎಂದರೆ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವ ತಿಂಗಳು. ಭಾನುವಾರಕ್ಕೆ ಮೊದಲು ಪತ್ರಿಕೆಯಲ್ಲಿ ಮೆಗಾಬ್ಲಾಕಿನ ವಿವರ ನೋಡುವುದು ನಮ್ಮಲ್ಲಿ ಪಂಚಾಂಗದಲ್ಲಿ ರಾಹುಕಾಲ ನೋಡಿದ ಹಾಗೆ. ಯಾವ ಮಾರ್ಗದಲ್ಲಿ ಎಷ್ಟು ಹೊತ್ತು ಹಳಿ ರಿಪೇರಿ ಎಂದು ತಿಳಿಯದೆ ಯಾವ ಶುಭಕಾರ್ಯಕ್ಕೂ ಹೊರಡುವಂತಿಲ್ಲ. ಬೆಳಗಿನ ಗಾಡಿಗಳಿಗೆ ತೊಂದರೆಯಿಲ್ಲವೆಂದು ಖಚಿತಪಡಿಸಿಕೊಂಡು, ಇನ್ನೂ ಕತ್ತಲಿರುವಾಗಲೇ ಠಾಣೆಯಲ್ಲಿ ಪನ್ವೇಲ್ ಲೋಕಲು ಹತ್ತಿದೆವು. ಕೂರಲು ಜಾಗ ಸಿಕ್ಕಿತು. ನಾಲ್ವರಿಗೂ ಕಿಟಕಿ ಸಿಕ್ಕಿತು! ಇಷ್ಟು ಸುಖಕ್ಕೆ ಅಭ್ಯಾಸವಿಲ್ಲದ ಮುಲುಂಡ್ ಐರೋಲಿವರೆಗೂ ಎದ್ದೇ ನಿಂತಿದ್ದರು.

ಕೂತ ಮೇಲೆ ಒಬ್ಬರ ಪಾದರಕ್ಷೆಯನ್ನು ಇನ್ನೊಬ್ಬರು ಪರೀಕ್ಷಿಸಿದೆವು. ಮೇಷ್ಟ್ರದ್ದು ಆಕ್ಷನ್ ಕಂಪನಿಯ ಟ್ರೆಕಿಂಗ್ ಬೂಟು. ಸಹ್ಯಾದ್ರಿ ತಿರುಗುವ ಮರಾಠಿ ಹುಡುಗರು ಇದಕ್ಕಿಂತ ದುಬಾರಿಯದನ್ನು ನಂಬುವುದಿಲ್ಲ. ಮುಲುಂಡ್ ಮಗ ಅಮೆರಿಕದಿಂದ ಕಳಿಸಿದ, ಎವರೆಸ್ಟಿಗೂ ಸಲ್ಲುವ ಬೂಟು ಹಾಕಿದ್ದರು. ಘಾಟ್ಕೋಪರ್ ಮಾತ್ರ ದಿನಾ ಹಾಕುವ ಸ್ಯಾಂಡಲಿನಲ್ಲೇ ಬಂದಿದ್ದರು. “ಇದ್ರಲ್ಲಿ ಆತ್ತಾ?” ಎಂದು ಮೇಷ್ಟ್ರು ಅವರ ಭಾಷೆಯಲ್ಲೇ ಕೇಳಿದರೆ, “ಬೂಟ್ ಹಾಕ್ರೆ ನಂಗ್ ಕಾಲ್ ಇದ್ದದ್ದೇ ಗೊತ್ತಾತಿಲ್ಲೆ ಮೇಷ್ಟ್ರೆ” ಎಂದರು.

ಪನ್ವೇಲಿನಿಂದ ಠಾಕೂರವಾಡಿ ಎಂಬ ಹಳ್ಳಿಯವರೆಗೆ ಗಾಡಿ ಹೋಗುತ್ತದೆ. ಅಲ್ಲಿಂದ ಮುಂದೆ ಕಾಲು. ಮೊದಲ ಹಂತ ಪ್ರಬಲಮಾಚಿ. ದೊಡ್ಡ ಕೋಟೆಗುಡ್ಡವಾದ ಪ್ರಬಲಗಡದ ಹೊಟ್ಟೆಯ ಮೇಲಿನ ಒಂದು ಸಮತಟ್ಟಿನಲ್ಲಿ ಠಾಕರ್ ಆದಿವಾಸಿಗಳ ಆ ಹಳ್ಳಿಯಿದೆ. ದಾರಿಯಲ್ಲಿ ಬಂಡೆಗೆ ಕೆತ್ತಿದ ಗಣಪತಿ, ಹನುಮಂತರು ಸಿಗುತ್ತಾರೆ. ಹನುಮಂತನಿಗೆ ಎಲ್ಲರೂ ಕೈ ಮುಗಿದೆವು. ಮುಂದಿನ ಕೆಲಸ ಅವನ ಇಲಾಖೆಗೇ ಸೇರಿದ್ದು. ಅಲ್ಲಲ್ಲಿ ಲಿಂಬು ಶರಬತ್ತು, ಸೌತೆಕಾಯಿ, ಮಜ್ಜಿಗೆ ಮಾರುವವರು. ಹೊತ್ತುಕೊಂಡು ಬರುವ ದೂರ ಹೆಚ್ಚಿದಂತೆ ಶರಬತ್ತಿನ ಬೆಲೆಯೂ ಹೆಚ್ಚುತ್ತದೆ. ಬಿಲ್ಡರುಗಳ ಫ್ಲೋರ್ ರೈಸಿಗೆ ಇಲ್ಲದ ನ್ಯಾಯ ಇದಕ್ಕಿದೆ ಎಂದು ಮುಲುಂಡ್ ಬ್ಯಾಂಕಿನ ದೃಷ್ಟಿಯಿಂದ ಪ್ರಮಾಣೀಕರಿಸಿದರು. ಅವರೇ ಇನ್ನೊಂದು ದಾಖಲೆಯನ್ನೂ ಹೊರತೆಗೆದರು. 1636ರಲ್ಲಿ ಅಹಮದನಗರದ ನಿಜಾಮಶಾಹಿ ಮುಳುಗಿ, ಶಹಾಜಿ ಮಾಹುಲಿ ಕೋಟೆಯಲ್ಲಿ ಶರಣಾದ ಮೇಲೆ ಉತ್ತರ ಕೊಂಕಣ ಬಿಜಾಪುರದ ಆದಿಲಶಾಹಿಯ ಪಾಲಿಗೆ ಬಂತು. “ಅಂದರ ಈ ಗುಡ್ಡ ನಮ್ಮ ಊರ ಸುಪರ್ದಿನ್ಯಾಗ ಇತ್ತರೀ.” ಕಾನ್ಹೇರಿಯಲ್ಲಿ ಮೇಷ್ಟ್ರಿಗೆ ಬಂದಿದ್ದ ಗತ್ತು ಈಗ ಇವರಿಗೆ ಬಂತು. ಘಾಟ್ಕೋಪರ್ ಮಾತ್ರ, ಯಾರ ಸುಪರ್ದಿಯಲ್ಲಿದ್ದರೂ ಹತ್ತುವುದು ನಾವೇ ಅಲ್ಲವೇ ಎಂದು ನಿಟ್ಟುಸಿರು ಬಿಟ್ಟರು.

ಪ್ರಬಲಮಾಚಿಯಿಂದ ಕಲಾವಂತೀಣ ಎದುರಿಗೇ ಕಾಣುತ್ತದೆ. ಪ್ರಬಲಗಡಕ್ಕೂ ಅದಕ್ಕೂ ನಡುವೆ ಆಳವಾದ ಕೊರಕಲು. ಆ ಕೊರಕಲಿನಿಂದ ಶಿಖರದವರೆಗೆ ಬಂಡೆಯನ್ನು ಕಡಿದು ಮಾಡಿದ ಮೆಟ್ಟಿಲುಗಳು ಅಂಕುಡೊಂಕಾಗಿ ಏರುತ್ತವೆ. ಕೆಲವು ಮೆಟ್ಟಿಲು ಮೊಣಕಾಲೆತ್ತರ, ಕೆಲವು ಸೊಂಟದೆತ್ತರ. ಹೊರಗಿನ ಅಂಚಿಗೆ ಕಟಾಂಜನವಿಲ್ಲ, ಗಾಳಿಯಿದೆ. ಹೋಳಿಹುಣ್ಣಿಮೆಗೆ ಇಲ್ಲಿನ ಠಾಕರ್ ಜನ ಶಿಖರದ ಮೇಲೆ ಹೋಗಿ ಕುಣಿಯುತ್ತಾರೆ. ನಾವು ಕೆಳಗೆ ನಿಂತೇ ಒಂದು ಸಲ ತೂಗಾಡಿದೆವು.

ಇಂಥ ಕಡೆ ಹತ್ತುವುದಕ್ಕೆ ಒಂದು ನಿಯಮವಿದೆ. ಎರಡು ಕೈ ಎರಡು ಕಾಲುಗಳಲ್ಲಿ ಮೂರು ಯಾವಾಗಲೂ ಕಲ್ಲಿನ ಮೇಲಿರಬೇಕು; ಒಂದು ಸಲಕ್ಕೆ ಒಂದನ್ನೇ ಕದಲಿಸಬೇಕು. ಲೋಕಲಿನ ಬಾಗಿಲಲ್ಲಿ ಒಂದು ಹೆಬ್ಬೆರಳು, ಎರಡು ಕೈಬೆರಳುಗಳ ಆಧಾರದಲ್ಲಿ ದಶಕಗಟ್ಟಲೆ ಜೋತು ಬಂದವರಿಗೆ ಇದು ದುಂದುವೆಚ್ಚವೆನಿಸಿತು. ಕರಿಕಲ್ಲಿನ ಸ್ವಭಾವವೂ ಬೇರೆ. ಅದು ಮೂಲೆ, ಅಂಚು, ಚೂಪುಗಳ ಕಲ್ಲು. ಹಿಡಿಯಲು ಬೇಕಾದಷ್ಟು ಹಿಡಿಗಳನ್ನು ಕೊಡುತ್ತದೆ, ಅವುಗಳಲ್ಲಿ ಕೆಲವು ಕೈಗೇ ಬಂದುಬಿಡುತ್ತವೆ. ಆದ್ದರಿಂದ ಭಾರ ಬಿಡುವ ಮೊದಲು ಅಂಗೈಯಿಂದ ತಟ್ಟಿ ನೋಡಬೇಕು; ಟೊಳ್ಳು ಸದ್ದು ಬಂದರೆ ಬೇರೆಯದನ್ನು ಹುಡುಕಬೇಕು. ಎರಡು ಗಟ್ಟಿ ಪದರಗಳ ನಡುವೆ ಗರಸು ಉದುರಿರುತ್ತದೆ, ಜಾರುವುದು ಅಲ್ಲೇ. “ಗ್ರಾನೈಟು ಹೀಗೆ ಮೋಸ ಮಾಡಲ್ಲ” ಎಂದು ಮೇಷ್ಟ್ರು ಒಂದೊಂದು ತಿರುವಿನಲ್ಲೂ ಹೇಳಿದರು. ಮುಲುಂಡ್‌ಗೆ ತಮ್ಮ ಊರ ಕಲ್ಲಿನ ಪರವಾಗಿ ವಾದಿಸಲು ಉಸಿರಿರಲಿಲ್ಲ.

ಹತ್ತುವಾಗ ಸುತ್ತಲಿನ ದೃಶ್ಯ ಬಲು ಸುಂದರವೆಂದು ಹೋಗಿ ಬಂದವರೆಲ್ಲ ಹೇಳುತ್ತಾರೆ. ನಿಜವಾಗಿ ಹತ್ತುವಾಗ ಕಾಣುವುದು ಒಂದೇ, ಮುಂದಿನವರ ಹಿಮ್ಮಡಿ. ಮೂಗಿನಿಂದ ಗೇಣು ದೂರದಲ್ಲಿ ಅದು ಏರುತ್ತದೆ, ನಿಲ್ಲುತ್ತದೆ, ನಡುಗುತ್ತದೆ. ಮೇಷ್ಟ್ರ ಬೂಟಿನ ಎಡಹಿಮ್ಮಡಿ ಬಲದ್ದಕ್ಕಿಂತ ಹೆಚ್ಚು ಸವೆದಿತ್ತು. ಮೂವತ್ತು ಚಿಲ್ಲರೆ ವರ್ಷ ಕಪ್ಪುಹಲಗೆಯ ಮುಂದೆ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತದ್ದರ ಫಲವಂತೆ. ಮುಲುಂಡ್ ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕಿದ್ದರು. ಹೆಂಡತಿ ಮಗನ ಹತ್ತಿರ ಅಮೆರಿಕಕ್ಕೆ ಹೋಗಿ ಮೂರು ತಿಂಗಳಾಯಿತು ಎಂಬ ಸಂಗತಿ ಹಾಗೆ ಹೊರಬಂತು. ದಿನವೂ ಜತೆಗೆ ಪ್ರಯಾಣ ಮಾಡಿದರೂ ಅವರು ಅದನ್ನು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ.

ಒಂದು ತಿರುವಿನಲ್ಲಿ ಘಾಟ್ಕೋಪರ್ ನನಗಿಂತ ಮುಂದಾದರು. ಸ್ಯಾಂಡಲಿನಲ್ಲಿ ಅವರ ಹಿಮ್ಮಡಿಗಳು ಬಿರುಕು ಬಿಟ್ಟಿದ್ದವು. ಹಳೆಯ, ಆಳವಾದ, ಮತ್ತೆಂದೂ ಕೂಡದ ಬಿರುಕುಗಳು. ಮೇಲಿನವರು ಇಳಿಯಲೆಂದು ಕಾದು ಕೂತಾಗ ಅದರ ಮಾತು ಬಂತು. ಏಳನೆಯ ತರಗತಿ ಮುಗಿಸಿ ಮುಂಬಯಿಗೆ ಬಂದಾಗ ಅವರು ಹೋಟೆಲಿನಲ್ಲಿ ಕ್ಲೀನರ್ ಹುಡುಗ. ಬೆಳಗಿನಿಂದ ಸಂಜೆಯವರೆಗೆ ಬರಿಗಾಲಿನಲ್ಲಿ ಒದ್ದೆ ನೆಲದ ಮೇಲೆ ನಿಂತು ತಟ್ಟೆ ಲೋಟ ತೊಳೆಯುವುದು, ಸಂಜೆ ಕೈ ಒರೆಸಿಕೊಂಡು ಕನ್ನಡ ರಾತ್ರಿಶಾಲೆಗೆ ಓಡುವುದು. ಹೋಟೆಲು ಕೆಲಸದ ಹುಡುಗರಿಗಾಗಿ ನಮ್ಮವರು ಕಟ್ಟಿದ ಆ ರಾತ್ರಿಶಾಲೆಗಳಿಂದ ಎಷ್ಟೋ ಮಂದಿ ಎಸ್ಸೆಸ್ಸೆಲ್ಸಿ ದಾಟಿ, ಪದವೀಧರರಾಗಿ, ವಕೀಲರೂ ಲೇಖಕರೂ ಹೋಟೆಲು ಮಾಲೀಕರೂ ಆದದ್ದನ್ನು ಸಭೆಗಳಲ್ಲಿ ಬಹಳ ಸಲ ಕೇಳಿದ್ದೇನೆ. ಆ ಇತಿಹಾಸದ ಹಿಮ್ಮಡಿಯನ್ನು ನೋಡಿದ್ದು ಅಂದೇ. “ತರಗತೀಲಿ ನಿದ್ದಿ ಬಂದ್ರೆ ಮೇಷ್ಟ್ರು ಹೊಡೀತಿರ್ಲಿಲ್ಲೆ. ಅವ್ರೂ ಹಗಲ್ ಬೇರೆ ಕೆಲ್ಸ ಮಾಡಿ ಬಪ್ಪೋರಲ್ದಾ, ಅವ್ರಿಗೂ ನಿದ್ದಿ” ಎಂದು ಅವರೇ ನಕ್ಕರು. ನಮ್ಮ ಮೇಷ್ಟ್ರು ನಗಲಿಲ್ಲ. ತಮ್ಮ ಪಾಲಿನ ಸೌತೆಕಾಯಿಯನ್ನು ಅವರಿಗೆ ಕೊಟ್ಟರು.

ಕಾದು ಕೂರುವ ಪ್ರಸಂಗ ಏಕೆ ಬಂತೆಂದರೆ, ಭಾನುವಾರ ಕಲಾವಂತೀಣದ ಮೆಟ್ಟಿಲಿನಲ್ಲೂ ದಾದರಿನ ಜನಸಂದಣಿ. ಒಬ್ಬರು ಏರುವಷ್ಟೇ ಅಗಲದ ಕಡೆ ಇಳಿಯುವವರೂ ಬಂದರೆ ಯಾರಾದರೂ ಗೋಡೆಗೆ ಅಂಟಿಕೊಳ್ಳಬೇಕು. ಮೇಲಿನಿಂದ ಯಾರೋ, “ಪೆಹಲೆ ಉತರ್‌ನೆ ದೋ!” ಎಂದು ಕೂಗಿದರು. ಅಷ್ಟೇ ಸಾಕಾಯಿತು, ಕೆಳಗಿದ್ದ ಅಷ್ಟೂ ಜನ ತಾವಾಗಿ ಒಂದು ಬದಿಗೆ ಸರಿದರು. ಅರಣ್ಯ ಇಲಾಖೆ ಎಷ್ಟು ಫಲಕ ಹಾಕಿದರೂ ಆಗದ ಶಿಸ್ತನ್ನು ಲೋಕಲಿನ ಒಂದು ವಾಕ್ಯ ತಂದಿತು.

ಕೊನೆಯ ಮೆಟ್ಟಿಲುಗಳ ಹತ್ತಿರ ಮುಲುಂಡ್ ನಿಂತರು. ಸುಸ್ತಾಗಿ ನಿಂತದ್ದಲ್ಲ, ಕೆಳಗೆ ನೋಡಿ ನಿಂತದ್ದು. ಮುಖ ಬಂಡೆಗೆ, ಎರಡು ಕೈ ಎರಡು ಕಡೆ. ಮುಂದೆ ಹೋಗಲಾರರು, ಹಿಂದೆ ಬರಲಾರರು. ಆದಿಲಶಾಹಿ, ಗೋಲಗುಮ್ಮಟ, ಅಮೆರಿಕದ ಬೂಟು ಯಾವುದೂ ನೆರವಿಗೆ ಬರಲಿಲ್ಲ. ಮೇಷ್ಟ್ರು ಧೈರ್ಯದ ಬಗ್ಗೆ ಒಂದೆರಡು ಒಳ್ಳೆಯ ಮಾತು ಹೇಳಿದರು. ಅವು ಗಾಳಿಗೆ ಹೋದವು. ಆಗ ಘಾಟ್ಕೋಪರ್ ಕೆಳಗಿನಿಂದ, ಅಡುಗೆಮನೆಗೆ ಆರ್ಡರ್ ಕೂಗುವ ಅದೇ ರಾಗದಲ್ಲಿ ಶುರುಮಾಡಿದರು: “ಬಲಗೈ ಒಂದ್ ಮೇಲೆ! ಎಡಗಾಲ್ ಒಂದ್ ಮೇಲೆ! ಕೆಳಗ್ ಕಾಣ್ಬೇಡಿ, ಕಲ್ ಕಾಣಿ! ಬಲಗಾಲ್ ಒಂದ್, ಬೇಗ!” ದಿನವೂ ಅವರ ಹೋಟೆಲಿನಲ್ಲಿ ಆ ದನಿಗೆ ದೋಸೆ ಕಾಫಿಗಳು ಬರುತ್ತವೆ. ಆ ದಿನ ಒಬ್ಬ ಬ್ಯಾಂಕ್ ಅಧಿಕಾರಿ ಮೇಲೆ ಬಂದರು. ಮೇಲೆ ಕೂತು ನೀರು ಕುಡಿದ ಮೇಲೆ ಅವರು ಹೇಳಿದ ಮೊದಲ ಮಾತು, “ಬಿಲ್ ಎಷ್ಟಾತ್ರೀ?”

ನಿಜವಾದ ತುದಿಗೆ ಇನ್ನೊಂದು ಇಪ್ಪತ್ತಡಿಯ ಬಂಡೆ ಏರಬೇಕು. ಅಲ್ಲಿ ಮೆಟ್ಟಿಲಿಲ್ಲ, ಹಗ್ಗವಿರುತ್ತದೆ. ಮೇಷ್ಟ್ರು ಅದರ ಬುಡದಲ್ಲೇ ಕೂತರು. “ಇಪ್ಪತ್ತಡಿ ಉಳಿಸಿಕೊಂಡರೆ ಶಿಖರಕ್ಕೂ ಬೇಸರವಿಲ್ಲ, ನನಗೂ ಇಲ್ಲ. ನೀವು ಹೋಗಿ ಬನ್ನಿ, ನಾನು ಚೀಲ ನೋಡ್ಕೋತೀನಿ” ಎಂದರು. ಚೀಲ ನೋಡಿಕೊಳ್ಳುವವರಿಲ್ಲದೆ ಯಾವ ದಂಡಯಾತ್ರೆಯೂ ನಡೆದಿಲ್ಲ. ನಾವು ಮೂವರು ಗುರುತಿಲ್ಲದ ಮರಾಠಿ ಹುಡುಗರ ಕೈ ಹಿಡಿದು, ಹೊಟ್ಟೆಯನ್ನು ಬಂಡೆಗೆ ಉಜ್ಜುತ್ತ ಮೇಲೆ ತಲುಪಿದೆವು.

ಮೇಲಿನಿಂದ ಪೂರ್ವಕ್ಕೆ ಮಾಥೇರಾನ್ ಉದ್ದಕ್ಕೆ ಮಲಗಿರುವುದು ಕಾಣುತ್ತದೆ. ಆ ಬೆಟ್ಟಕ್ಕೆ 1907ರಿಂದ ನೇರಳ್‌ನಿಂದ ಪುಟ್ಟ ರೈಲಿದೆ; ಕೂತು ಹೋಗಿ, ಕುದುರೆ ಹತ್ತಿ, ಚಿಕ್ಕಿ ತಿಂದು ಬರಬಹುದು. ಅದೇ ಕಲ್ಲು, ಇದಕ್ಕಿಂತ ಹೆಚ್ಚೇ ಎತ್ತರ. ಅಷ್ಟು ಸುಲಭದ ದಾರಿಯನ್ನು ಬಿಟ್ಟು ನಾವು ಇಲ್ಲಿಗೇಕೆ ಬಂದೆವೆಂದು ಮೂವರೂ ಸ್ವಲ್ಪ ಹೊತ್ತು ಯೋಚಿಸಿದೆವು. ಪಶ್ಚಿಮಕ್ಕೆ ಪನ್ವೇಲ್, ಅದರಾಚೆ ಮಬ್ಬಿನಲ್ಲಿ ನವಿ ಮುಂಬಯಿ. ಅಲ್ಲಿನ ಹೊಸ ವಿಮಾನ ನಿಲ್ದಾಣಕ್ಕಾಗಿ ಉಲ್ವೆಯ ಗುಡ್ಡವನ್ನು ಸಿಡಿಸಿ ಮಟ್ಟ ಮಾಡಿದರು, ಉಲ್ವೆ ನದಿಯನ್ನು ಬೇರೆ ಕಡೆಗೆ ತಿರುಗಿಸಿದರು. ಸಹ್ಯಾದ್ರಿಯ ಬೆಟ್ಟಗಳನ್ನು ಮೇಲಿನಿಂದ ನೋಡಲು ಹೊರಟ ವಿಮಾನಕ್ಕೆ ಓಡಲು ಒಂದು ಬೆಟ್ಟ ಅಡ್ಡಬಂದಿತ್ತು.

ಇನ್ನೊಂದು ಶಿಖರವೂ ಹತ್ತಿರದಲ್ಲೇ ಕಾಣುತ್ತದೆ, ಇರ್ಶಾಳಗಡ. 2023ರ ಜುಲೈ 19ರ ರಾತ್ರಿ ಮಳೆಗೆ ಅದರ ಮಗ್ಗುಲು ಕುಸಿದು, ಮಲಗಿದ್ದ ಇರ್ಶಾಳವಾಡಿಯ ಮೇಲೆ ಬಂತು. ಅದೂ ಠಾಕರ್ ಆದಿವಾಸಿಗಳ ಊರು, ಗಾಡಿ ಹೋಗುವ ದಾರಿಯಿಲ್ಲದ ಊರು. ಯಂತ್ರಗಳು ತಲುಪಲಾಗದೆ ರಕ್ಷಣೆಗೆ ಬಂದವರು ಕೈಯಲ್ಲೇ ಅಗೆದರು. ಸಿಕ್ಕ ದೇಹಗಳು 27. ಸಿಗದೆ ಹೋದವರು ಐವತ್ತಕ್ಕೂ ಹೆಚ್ಚು. ನಮಗೆ ಭಾನುವಾರದ ಆಟವಾದ ಈ ಕಲ್ಲಿನ ಕೆಳಗೆ ವರ್ಷವಿಡೀ ಮನೆ ಮಾಡಿರುವವರಿದ್ದಾರೆ. ಮಳೆಗಾಲದಲ್ಲಿ ಅಧಿಕಾರಿಗಳು ಇಂಥ ಗುಡ್ಡಗಳಿಗೆ ಹೋಗಬಾರದೆಂದು ಆಗಾಗ ನಿಷೇಧ ಹಾಕುತ್ತಾರೆ. ಅದನ್ನು ಮೀರಿ ಹೋಗಿ ಜಲಪಾತದ ಕೆಳಗೆ ಚಿತ್ರ ತೆಗೆಸಿಕೊಳ್ಳುವವರ ಬಗ್ಗೆ ಘಾಟ್ಕೋಪರ್ ಹೇಳಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಇಳಿಯುವುದು ಏರುವುದಕ್ಕಿಂತ ಕಷ್ಟ. ಏರುವಾಗ ಕಣ್ಣಿಗೆ ಕಲ್ಲು, ಇಳಿಯುವಾಗ ಕಣ್ಣಿಗೆ ಪಾತಾಳ. ಕಡಿದಾದಲ್ಲಿ ಬಂಡೆಗೆ ಮುಖ ಮಾಡಿ, ಕಾಲಿಳಿಸಿ, ಕಾಣದ ಮೆಟ್ಟಿಲನ್ನು ಹುಡುಕಬೇಕು. ಉಳಿದ ಕಡೆ ನಮ್ಮ ವಯಸ್ಸಿನವರು ಕೂತು ಜಾರುವ ಪದ್ಧತಿಯನ್ನು ಅನುಸರಿಸುತ್ತಾರೆ. ಪ್ಯಾಂಟಿಗೆ ನಷ್ಟ, ಪ್ರಾಣಕ್ಕೆ ಲಾಭ. ಈ ಸಲ ಕಾಣುವುದು ಮುಂದಿನವರ ನೆತ್ತಿ. ನಾಲ್ವರಲ್ಲೂ ಅದು ಒಂದೇ ಬಗೆಯದು. ಕಲ್ಲಿನ ವಿಷಯದಲ್ಲಿ ಸಾಧ್ಯವಾಗದಿದ್ದ ಏಕಾಭಿಪ್ರಾಯ ಅಲ್ಲಿ ಸಿಕ್ಕಿತು.

ಪ್ರಬಲಮಾಚಿಯ ಒಂದು ಮನೆಯಲ್ಲಿ ಪಿಠಲೆ ಭಾಕರಿ ಉಂಡೆವು. ಮನೆಯ ಆಯಿ ಕೈಯಲ್ಲೇ ತಟ್ಟಿ ಹಾಕುತ್ತಿದ್ದದ್ದು ಅಕ್ಕಿಹಿಟ್ಟಿನ ಭಾಕರಿ. “ಜ್ವಾಳದ್ದಲ್ಲ ಅಂದ ಮ್ಯಾಲ ಇದಕ್ಕ ರೊಟ್ಟಿ ಅಂತಾರೇನ್ರೀ?” ಎಂದು ಮುಲುಂಡ್ ಆಕ್ಷೇಪವೆತ್ತಿದರು; ಚೀಲದಿಂದ ತಮ್ಮ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದರು. ಘಾಟ್ಕೋಪರ್, ಇದು ನಮ್ಮ ಕಡೆಯ ಅಕ್ಕಿರೊಟ್ಟಿಯ ಖಾಸಾ ತಂಗಿ ಎಂದು ಭಾಕರಿಯ ಪಕ್ಷ ವಹಿಸಿದರು. ಆಯಿಗೆ ಭಾಷೆ ತಿಳಿಯದಿದ್ದರೂ ಜಗಳ ರೊಟ್ಟಿಯದೆಂದು ತಿಳಿಯಿತು. ಮುಲುಂಡ್‌ರ ರೊಟ್ಟಿಯ ತುಂಡೊಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಅಗಿದು, ಅವರ ತಟ್ಟೆಗೆ ಬಿಸಿ ಭಾಕರಿ ಬಡಿಸಿದರು. ತೀರ್ಪು ಹೊರಬಿದ್ದಿತ್ತು. ಮುಲುಂಡ್ ಅದನ್ನೂ, ಅದರ ಮೇಲೆ ಇನ್ನೊಂದನ್ನೂ ಉಂಡರು.

ವಾರದ ಮೇಲೆ ವಾರ ಕಳೆದು ಈಗ ಮತ್ತೆ ಬೆಳಗಿನ ಫಾಸ್ಟ್ ಲೋಕಲು ನಡೆದಿದೆ. ಬದಲಾದದ್ದು ಸ್ವಲ್ಪವೇ. ಮುಲುಂಡ್‌ಗೆ ಘಾಟ್ಕೋಪರಿನವರ ಹೋಟೆಲಿನಿಂದ ರಾತ್ರಿಯ ಊಟದ ಡಬ್ಬ ಬರುತ್ತದೆ. ಅದರ ಬಿಲ್ಲಿನ ವಿಷಯದಲ್ಲಿ ಇಬ್ಬರಿಗೂ ದಿನಾ ಜಗಳ. ಮೇಷ್ಟ್ರು ಹಿಮ್ಮಡಿಗೆ ಹಚ್ಚುವ ಮುಲಾಮೊಂದನ್ನು ಮಾಟುಂಗಾದಿಂದ ತಂದುಕೊಟ್ಟಿದ್ದಾರೆ. ಇಷ್ಟಕ್ಕೆ ಅಷ್ಟು ದೊಡ್ಡ ಬೆಟ್ಟ ಬೇಕಿತ್ತೇ ಎಂದರೆ, ಬೇಕಿತ್ತು ಎಂದೇ ನನ್ನ ಉತ್ತರ. ಈ ಊರಿನ ಜನ ಒಬ್ಬರಿಗೊಬ್ಬರು ಜಾಗ ಕೊಡುವುದರಲ್ಲಿ ಬಲು ಉದಾರಿಗಳು. ಕಷ್ಟ ಹೇಳಿಕೊಳ್ಳುವುದರಲ್ಲಿ ಅಷ್ಟೇ ಜಿಪುಣರು. ಬಂಡೆಯ ಮೇಲೆ ಮೂರು ಕಡೆ ಹಿಡಿದುಕೊಂಡು ನಿಂತವನಿಗೆ ಮುಚ್ಚಿಟ್ಟುಕೊಳ್ಳಲು ನಾಲ್ಕನೆಯ ಕೈ ಇರುವುದಿಲ್ಲ.

ನೀವೂ ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ, ಮಳೆಯಲ್ಲಿ ಬೇಡ. ಮೊದಲ ಲೋಕಲು ಹಿಡಿಯಿರಿ, ಬಿಸಿಲೇರುವ ಮೊದಲು ಮೇಲಿರಿ, ಕತ್ತಲಾಗುವ ಮೊದಲು ಕೆಳಗಿರಿ. ತಲೆಗೆ ಮೂರು ಲೀಟರ್ ನೀರು ಇರಲಿ, ಖಾಲಿ ಬಾಟಲಿ ನಿಮ್ಮ ಜತೆಗೇ ವಾಪಸು ಬರಲಿ. ಊಟ ಹಳ್ಳಿಯ ಮನೆಯಲ್ಲೇ ಮಾಡಿ, ಚೌಕಾಶಿ ಮಾಡಬೇಡಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ ಅವರನ್ನು ಮುಂದೆ ಬಿಟ್ಟು, ಉಳಿದವರೆಲ್ಲ ಅವರ ಹಿಂದೆ ಹತ್ತಿ.